ದಾರಿ ನನ್ನದು ಅಂದ ದಿನ

ಭಾಲ್ಕಿಯ ಕೆರೆಯಲ್ಲಿ ನಾವಿಬ್ಬರು ದೋಣಿ ಬಿಡುವಾಗ ಸೀಟಿ ಊದುವವರಿರಲಿಲ್ಲ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂತು, ನಡುವೆ ಒಂದು ಕಲ್ಲು ಒಗೆಯುತ್ತಿದ್ದೆವು. ತೆರೆ ಬಂದು ಬೆರಳಿಗೆ ಮುಟ್ಟಿದ ಕೂಡಲೇ ಬಿಡಬೇಕು. ಜೋಳದ ದಂಟಿನ ಬೆಂಡಿನ ದೋಣಿ, ಜಾಲಿಮುಳ್ಳು ಚುಚ್ಚಿ ನಿಲ್ಲಿಸಿದ ಮುತ್ತಲ ಎಲೆಯ ಹಾಯಿ. ಎದುರಿನ ಪಾವಟಿಗೆಯ ಕಲ್ಲುಮೆಟ್ಟಿಲನ್ನು ಮೊದಲು ಮುಟ್ಟಿದ್ದು ಗೆದ್ದಂತೆ. ದೋಣಿ ಬಿಟ್ಟ ಮೇಲೆ ನಾವೂ ದಂಡೆಗುಂಟ ಅಲ್ಲಿಗೆ ಓಡುತ್ತಿದ್ದೆವು. ಎರಡೂ ಹತ್ತಿರ ಬಂದರೆ, ಗಾಳಿ ಯಾರ ದೋಣಿಗೆ ಬಲಗಡೆಯಿಂದ ಬಡಿಯುತ್ತದೋ ದಾರಿ ಅವರದು. ಇನ್ನೊಬ್ಬರು ಉದ್ದನೆಯ ದಂಟಿನಿಂದ ತಮ್ಮದನ್ನು ತಾವೇ ಪಕ್ಕಕ್ಕೆ ಸರಿಸಬೇಕು.

ಅವಳು ಪಕ್ಕದ ಮನೆಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಆಪಾ ಅನ್ನುತ್ತಿದ್ದೆ. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆಗುವ ಮುಂಚೆ ಬೀದರಿಗೆ ಹೋದ ಅವಳ ಅಪ್ಪ ತಿಂಗಳಾದರೂ ತಿರುಗಿ ಬಂದಿರಲಿಲ್ಲ. ಅವರ ಮನೆಯಲ್ಲಿ ಒಲೆ ಹೊತ್ತಿದ ದಿನ ನಮ್ಮವ್ವ ದೇವರಿಗೆ ಕೈ ಮುಗಿಯುತ್ತಿದ್ದಳು.

ಅವತ್ತು ಬೆಂಡು ಸೀಳುತ್ತ ಅವಳು ಅಂದಳು, "ಇವತ್ತು ನಂದು ಮೊದಲ ಮುಟ್ಟಿದ್ರ ಅಬ್ಬಾ ಬರ್ತಾರ."

"ನಿನ್ನ ದೋಣಿ ಗಬ್ಬದ ಎಮ್ಮಿ ಹಂಗ ಹೋಗ್ತದ, ಆಪಾ."

"ಎಮ್ಮಿಗಿ ಈಸಲಿಕ್ಕಿ ಬರ್ತದ. ನಿಂದು ಮುಳುಗ್ತದ, ನೋಡಕೋತ ಇರು."

ಎಮ್ಮೆಯೇ ಮುಂದಿತ್ತು. ಪಾವಟಿಗೆ ನಾಲ್ಕು ಮೊಳ ಇರುವಾಗ ಎರಡೂ ಒಂದಕ್ಕೊಂದು ತಗಲುವ ಹಾಗೆ ಬಂದವು. ಗಾಳಿ ನನ್ನ ಬಲಕ್ಕಿತ್ತು. ದಿನಾ ಅನ್ನುವ ಹಾಗೆ ಅಂದುಬಿಟ್ಟೆ, "ದಾರಿ ನಂದು."

ಅವಳು ನನ್ನ ಮುಖ ನೋಡಿದಳು. ಇಲ್ಲ ಅಂದಿದ್ದರೆ ಕೇಳುವವರು ಯಾರಿದ್ದರು? ದಂಟು ಚಾಚಿ ತನ್ನದನ್ನು ಸರಿಸಿದಳು. ಅದು ಜೇಕಿನ ಹುಲ್ಲಿನಲ್ಲಿ ಸಿಕ್ಕಿ ನಿಂತಿತು. ನನ್ನದು ಹೋಗಿ ಕಲ್ಲಿಗೆ ಮುಟ್ಟಿತು.

"ಇನ್ನೊಮ್ಮಿ ಬಿಡೋಣು ಆಪಾ. ಇದು ಬ್ಯಾಡ."

"ಖಾಯ್ದಾ ಅಂದ್ರ ಖಾಯ್ದಾ," ಅಂದಳು. ಪಾವಟಿಗೆ ಪಾಚಿ ಕಟ್ಟಿತ್ತು. ನಾನು ಜಾರದ ಹಾಗೆ ಕೈ ಹಿಡಿದು ಮೇಲೆ ಹತ್ತಿಸಿದಳು. ಅದೊಂದನ್ನು ದೇವರ ದಯೆ ಅಂತ ಎಣಿಸಿಕೊಂಡಿದ್ದೇನೆ.

ಅವಳ ಅಪ್ಪ ಬರಲಿಲ್ಲ. ಚಳಿಗಾಲದಲ್ಲಿ ತಾಯಿ, ಮಗಳು ಗಾಡಿ ಏರಿ ಯಾವುದೋ ನೆಂಟರ ಊರಿಗೆ ಹೋದರು.

ನಾನು ಔರಾದಕ್ಕೆ ಸೊಸೆಯಾಗಿ ಬಂದೆ. ಇವತ್ತಿಗೂ ದೇವರ ಮುಂದೆ ದೀಪ ಹಚ್ಚಿ ನಮ್ಮವರ ಹೆಸರೆಲ್ಲ ಹೇಳಿದ ಮೇಲೆ ಅವಳ ಅಪ್ಪನ ಹೆಸರನ್ನೂ ಹೇಳುತ್ತೇನೆ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಅವರು ಬರುತ್ತಿರಲಿಲ್ಲ, ಗೊತ್ತು. ಆದರೆ ಗೆದ್ದಿದ್ದರೆ ಅವತ್ತೊಂದು ಸಂಜೆಯಾದರೂ ಅವಳು ಅಬ್ಬಾ ಬರುತ್ತಾರೆ ಅಂತ ಮನೆಗೆ ಓಡುತ್ತಿದ್ದಳು.