ಮಾರಣ್ಣನವರು ಹೆರೆದ ಅಂಚು

ಚರ್ಮದ ಬಾರಿನ ಅಂಚನ್ನು ಪರೀಕ್ಷಿಸಬೇಕಾದಾಗ ಮಾರಣ್ಣನವರು ಕಣ್ಣು ಮುಚ್ಚಿ, ಅದನ್ನು ಕೆಳತುಟಿಯ ಮೇಲೆ ಮೆಲ್ಲನೆ ಎಳೆದುಕೊಳ್ಳುತ್ತಿದ್ದರು. ಜಡ್ಡುಗಟ್ಟಿದ ಬೆರಳುಗಳನ್ನು ಅವರು ನಂಬುತ್ತಿರಲಿಲ್ಲ. "ಕೈ ಸುಳ್ಳು ಯೋಳ್ತದೆ ಟೀಚರಮ್ಮಾ, ತುಟಿ ಯೋಳಾಕಿಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ, ಸೇಲಂ ಸೀಮೆಯ ಕೊಳತ್ತೂರಿನ ಬಸ್ ನಿಲ್ದಾಣದ ಹಿಂದಿನ ಹುಣಸೆಮರದಡಿಯಲ್ಲಿ ಅವರ ಕೆಲಸ. ಪಾಲಮಲೆ ಬೆಟ್ಟದಿಂದ ಇಳಿದು ಬರುವವರು ಎತ್ತಿನ ಕೊರಳಪಟ್ಟಿಯನ್ನೋ ಹರಿದ ಚಪ್ಪಲಿಯನ್ನೋ ಅವರೆದುರು ಇಡುತ್ತಿದ್ದರು. ಚರ್ಮದ ತುಂಡೊಂದನ್ನು ಸುತ್ತುಸುತ್ತಾಗಿ ಕತ್ತರಿಸಿ ಉದ್ದನೆಯ ಬಾರು ತೆಗೆದು, ಒದ್ದೆ ಮಾಡಿ, ಒಳಮೈಯ ಎರಡೂ ಅಂಚುಗಳನ್ನು ರಂಪಿಗೆಯೆಂಬ ಅಗಲಬಾಯಿಯ ಉಳಿಯಿಂದ ಓರೆಯಾಗಿ ಹೆರೆಯುತ್ತಿದ್ದರು. ಹಾಗೆ ಹೆರೆದ ಎಳೆಗಳು ಹೆಣಿಗೆಯಲ್ಲಿ ಒಂದಕ್ಕೊಂದು ಒತ್ತಿ ನುಣ್ಣಗೆ ಕೂರುತ್ತಿದ್ದವು.

ಊರ ಶಾಲೆಯಲ್ಲಿ ಟೀಚರಾಗಿದ್ದ ನಾನು ಅವರ ಬಳಿಗೆ ಹೋದದ್ದು ತಂಗಿ ರತ್ನಳಿಗಾಗಿ. ಪೋಲಿಯೊದಿಂದ ಸೊರಗಿದ ಅವಳ ಎಡಗಾಲಿಗೆ ಕಬ್ಬಿಣದ ಆಸರೆಯಿತ್ತು. ಅದರ ತೊಡೆಪಟ್ಟಿ ಹರಿದಿತ್ತು. ಸೇಲಂನಲ್ಲಿ ಬೆರಳಚ್ಚು ಕಲಿಯಲು ಅವಳಿಗೆ ಸ್ಥಳ ದೊರೆತಿತ್ತು. ಸೇರಲು ಎರಡೇ ವಾರ ಉಳಿದಿತ್ತು.

ಅಚ್ಚುಕಟ್ಟುತನವೇ ನನ್ನ ಹೆಮ್ಮೆ. ಹೊಸ ಪಟ್ಟಿಗೆ ಅವರು ಬಾರು ಕತ್ತರಿಸಿದಾಗ, ಅಡಿಪಟ್ಟಿ ಹಿಡಿದು ನಿಂತು ಪ್ರತಿಯೊಂದು ಎಳೆಯ ಅಗಲವನ್ನೂ ಅಳೆದೆ. ಅವರು ಅಂಚು ಹೆರೆಯಲು ತೊಡಗಿದಾಗ ತಡೆದೆ. "ಬೇಡ ಮಾರಣ್ಣ, ತೆಳ್ಳಗಾದರೆ ಹರಿದುಹೋಗುತ್ತದೆ. ಹಾಗೆಯೇ ಹೆಣೆಯಿರಿ."

ಅವರು ರಂಪಿಗೆಯನ್ನು ಕೆಳಗಿಟ್ಟರು. "ಸರಿ, ನೀವು ಓದಿದೋರು" ಎಂದು ಹೆಣೆದುಕೊಟ್ಟರು.

ಎರಡೇ ದಿನದಲ್ಲಿ ರತ್ನಳ ತೊಡೆ ಸುಲಿದು ನೆತ್ತರು ಜಿನುಗಿತು. ಪಟ್ಟಿಯನ್ನು ಮೂಲೆಗೆ ಎಸೆದು, "ಇದ ಕಟ್ಕಂಡು ನಾ ಎಲ್ಲೂ ಓಗಾಕಿಲ್ಲ. ಸೇಲಂಗೆ ನೀನೇ ಓಗಕ್ಕ" ಎಂದು ಗೋಡೆಯತ್ತ ಹೊರಳಿ ಮಲಗಿದಳು.

ತಲೆ ತಗ್ಗಿಸಿಕೊಂಡು ಪಟ್ಟಿಯನ್ನು ಮಾರಣ್ಣನವರ ಮುಂದಿಟ್ಟೆ. ನೆತ್ತರಿನ ಕಲೆ ಕಂಡು ಅವರು ಹಣೆ ಬಡಿದುಕೊಂಡರು.

"ಎತ್ತಿನ ಕೊರಳಿಗೇ ಅಂಚ ತೆಗೀದೆ ಕಟ್ಟಾಕಿಲ್ಲ ನಾನು. ಆ ಮಗೀಗೆ ಕಟ್ಬುಟ್ನಲ್ಲಾ!"

"ತಪ್ಪು ನನ್ನದು, ಮಾರಣ್ಣ."

"ನಿಮ್ದೂ ಐತೆ. ಅಳವು ನೋಡಿದ್ರಿ, ಅಂಚ ನೋಡ್ಲಿಲ್ಲ. ಮೊದ್ಲು ಆ ಅಡಿಕೋಲ ಮನೇಲಿ ಮಡಗಿ ಬನ್ನಿ. ಅದ್ ಇಲ್ಲಿದ್ರೆ ನಂಗೆ ಕೆಲ್ಸ ಓಡಾಕಿಲ್ಲ."

ಮನೆಗೆ ಹೋಗಿ ಅಡಿಪಟ್ಟಿಯನ್ನು ಇಟ್ಟು ಬಂದೆ. ಅಷ್ಟರಲ್ಲಿ ಹೆಣಿಗೆಯನ್ನು ಪೂರ್ತಿ ಬಿಚ್ಚಿದ್ದರು. ಸಂಜೆಯವರೆಗೆ ಪ್ರತಿ ಎಳೆಯನ್ನೂ ಹೆರೆದರು, ತುಟಿಗೆ ತಾಗಿಸಿದರು, ಮತ್ತೆ ಹೆರೆದರು. ಹೆಣೆದ ಪಟ್ಟಿಯನ್ನು ಹಲಗೆಯ ಕೆಳಗಿಟ್ಟು ಒತ್ತಿ ಸಮ ಮಾಡಿದರು.

ಗಾಯ ಮಾಯಲು ಒಂದು ವಾರ ಹಿಡಿಯಿತು. ಅನಂತರ ರತ್ನ ಅದನ್ನು ಕಟ್ಟಿಕೊಂಡು ಬಸ್ ನಿಲ್ದಾಣದವರೆಗೆ ನಡೆದು ಮರಳಿ ಬಂದಳು. ನಾನು ನೆಲದಲ್ಲಿ ಕುಳಿತು ಪಟ್ಟಿಯನ್ನು ಬಿಚ್ಚಿದೆ. ತೊಡೆಯ ಮೇಲೆ ಹೆಣಿಗೆಯ ಅಚ್ಚು ತಿಳಿಗೆಂಪಾಗಿ ಮೂಡಿತ್ತು, ಅಷ್ಟೆ. ಎಲ್ಲಿಯೂ ತರಚಿರಲಿಲ್ಲ.

"ಉಸ್ರು ಬುಡಕ್ಕ, ಏನೂ ಆಗಿಲ್ಲ" ಎಂದು ಅವಳು ನಕ್ಕಳು.

ಸೇಲಂ ಬಸ್ಸು ಹೊರಡುವಾಗ ಮಾರಣ್ಣನವರು ಕಿಟಕಿಯ ಬಳಿಗೆ ಬಂದರು. "ಓಗ್ಬುಟ್ ಬಾ ತಾಯಿ. ನೊಂದ್ರೆ ಯೋಳಿ ಕಳ್ಸು."

"ನೊಂದ್ರೆ ಅಕ್ಕನ್ನ ಬೈತೀನಿ, ನಿಮ್ಮನ್ನಲ್ಲ" ಎಂದಳು ರತ್ನ. ಅವರು ಬೊಚ್ಚುಬಾಯಿ ತೆರೆದು ನಕ್ಕರು. ಅದೇ ಅವರಿಬ್ಬರ ಕೊನೆಯ ಭೇಟಿ.

ಮೊದಲ ರಜೆಗೆ ಊರಿಗೆ ಬಂದ ರತ್ನ ಬಸ್ಸಿನಿಂದ ಇಳಿದು, ಕರೆದೊಯ್ಯಲು ಬಂದಿದ್ದ ನನ್ನೊಡನೆ ನೇರವಾಗಿ ಹುಣಸೆಮರದತ್ತ ನಡೆದಳು. ಜಾಗ ಬರಿದಾಗಿತ್ತು. ಮಾರಣ್ಣನವರು ಹಿಂದಿನ ದಿನವಷ್ಟೇ ಧರ್ಮಪುರಿಯಲ್ಲಿರುವ ಮಗಳ ಮನೆಗೆ ಹೋದರಂತೆ, ಪಕ್ಕದ ಅಂಗಡಿಯವನು ಹೇಳಿದ. ಇನ್ನು ಇತ್ತ ಬರುವುದಿಲ್ಲವಂತೆ.

"ದಣಿದಿದ್ದೀಯ, ಕೂತುಕೋ" ಎಂದೆ.

"ನಿಂತೇ ಇರ್ತೀನಿ ಬುಡಕ್ಕ, ಅವ್ರ ಪಟ್ಟಿ ಒಂಚೂರೂ ಒತ್ತಾಕಿಲ್ಲ" ಎಂದಳು.