ಕ್ರೋಶಾ ಕಡ್ಡಿಯ ಮಲ್ಲಿಗೆ

ನಾನು ಕಂಬಿ ಕಟ್ಟುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಬೇರೆ ಕೆಲಸ ಮಾಡಿದ್ದಿಲ್ಲ. ಜೆ.ಪಿ. ನಗರ, ಬನಶಂಕರಿಯಲ್ಲಿ ನಾನು ಕಟ್ಟಿದ ಕಂಬಿಯ ಮೇಲೆ ನಿಂತಿರುವ ಮನೆಗಳನ್ನು ಎಣಿಸುವುದು ಬಿಟ್ಟು ಎಷ್ಟೋ ಕಾಲವಾಯಿತು. ಡ್ರಾಯಿಂಗ್ ಹಾಸಿದರೆ ಸಾಕು, ಎಲ್ಲಿ ಎಷ್ಟು ರಿಂಗು, ಎಷ್ಟು ಅಂತರ ಎಂದು ಇಂಜಿನಿಯರು ಬಾಯಿ ತೆರೆಯುವ ಮೊದಲೇ ಹೇಳುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ, ಸ್ವಲ್ಪ ಜಂಬವೂ ಇದೆ, ಇರಲಿ. ಅಂಥವನು ಐವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಒಂದು ಕ್ಲಾಸಿಗೆ ಹೋಗಿ ಕೂತೆ. ಹೂವು ಹೆಣೆಯುವುದನ್ನು ಕಲಿಯುವುದಕ್ಕೆ.

ನನ್ನ ಹೆಂಡತಿಗೆ ಕ್ಯಾನ್ಸರ್ ಎಂದು ಗೊತ್ತಾದ ವರ್ಷ ಅದು. ಮೂರು ವಾರಕ್ಕೊಂದು ಇಂಜೆಕ್ಷನ್, ಒಟ್ಟು ಆರು ಎಂದು ಡಾಕ್ಟರು ಹೇಳಿದ್ದರು. ಮೊದಲ ಇಂಜೆಕ್ಷನ್ ಆಗಿ ಹತ್ತು ದಿನಕ್ಕೆ ರಕ್ತ ಪರೀಕ್ಷೆಯ ಚೀಟಿ ನೋಡಿ, ಸೋಂಕು ತಗಲುವ ಭಯವಿದೆ, ಹಸಿ ಹೂವು ಮನೆಯೊಳಗೇ ಬೇಡ ಎಂದರು. ಆಮೇಲೆ ಕೂದಲು ಉದುರಿತು. ಕೂದಲಿಗೆ ಅವಳು ಅಷ್ಟು ಅಳಲಿಲ್ಲ. ಹೂವಿಗೆ ಅತ್ತಳು.

ನಮ್ಮ ಕಡೆ ಗಂಡನಿರುವ ಹೆಂಗಸು ಹೂವಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಇವಳಂತೂ ಅಂಜನಾಪುರದ ನಮ್ಮ ಬೀದಿಗೆ ಬರುವ ಗಾಡಿಯಲ್ಲಿ ಬಿಡಿ ಮಲ್ಲಿಗೆ ಕೊಂಡು, ತಾನೇ ಕಟ್ಟಿ ಮುಡಿಯುತ್ತಿದ್ದವಳು. ಜ್ವರ ಬಂದ ದಿನವೂ ಬಿಟ್ಟವಳಲ್ಲ. ಈಗ ತಲೆಗೆ ಬಟ್ಟೆ ಸುತ್ತಿಕೊಂಡು ಒಳಗೇ ಕೂತುಬಿಟ್ಟಳು. ಸಂಜೆ ಮೆಟ್ಟಿಲ ಮೇಲೆ ಅಕ್ಕಪಕ್ಕದವರ ಜೊತೆ ಕೂರುವುದೂ ನಿಂತಿತು.

ಎರಡನೇ ಇಂಜೆಕ್ಷನ್ ಆಗಿ ನಾಲ್ಕು ದಿನಕ್ಕೆ, ಅನ್ನ ಬಡಿಸುತ್ತಾ ಹೇಳಿದಳು.

"ಮೂರನೇದಕ್ಕೆ ನಾನ್ ಬರಲ್ಲ."

"ಯಾಕೆ, ಸುಸ್ತಾ?"

"ಸುಸ್ತಲ್ಲ. ಹೋದ್ಸಲ ಆಸ್ಪತ್ರೇಲಿ ನೀವು ಟೀ ತರಕ್ಕೆ ಹೋದಾಗ ಪಕ್ಕದ ಹೆಂಗಸು ಕೇಳಿದ್ಲು, ನಿಮ್ಮೆಜಮಾನ್ರು ಹೋಗಿ ಎಷ್ಟ್ ವರ್ಷ ಆಯ್ತು ಅಂತ."

ನನಗೆ ನಗು ಬಂತು. "ಟೀ ತರಕ್ಕೆ ಹೋಗಿದಾರೆ ಅನ್ನಬಾರ್ದಿತ್ತಾ?"

ಅವಳು ನಗಲಿಲ್ಲ. "ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಂಡು ಬರೀ ತಲೇಲಿ ಬೀದಿ ಮೇಲೆ ಬರಲ್ಲ ನಾನು. ಆಗಿದ್ದು ಆಗ್ಲಿ."

"ಪ್ರಾಣದ ವಿಷ್ಯ ಕಣೆ ಇದು" ಎಂದು ಗದರಿದೆ. ಸೈಟಿನಲ್ಲಿ ಗದರಿದರೆ ಹತ್ತು ಜನ ಓಡಾಡುತ್ತಾರೆ. ಇವಳು ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು.

ಆಗ ನನ್ನ ಕೆಲಸ ಜಯನಗರದಲ್ಲಿ ನಡೆಯುತ್ತಿತ್ತು. ಸೈಟಿನ ಎದುರು ಒಂದು ಉಲ್ಲನ್ ಅಂಗಡಿ. ಅದರ ಗಾಜಿನೊಳಗೆ ಮಲ್ಲಿಗೆ ಕಂಡು, ಇಲ್ಲೇಕೆ ಹೂವು ಮಾರುತ್ತಾರೆ ಎಂದು ಹತ್ತಿರ ಹೋದೆ. ಎಲ್ಲಾ ದಾರದ್ದು. ಕೆಳಗೆ ಬೋರ್ಡು: ಹೊಸಬರಿಗೆ ಕ್ರೋಶಾ ಹೂವು, ಪ್ರತಿ ಶನಿವಾರ. ಕೊಂಡೇ ಬಿಡೋಣ ಎಂದು ಕೇಳಿದರೆ ಅವು ಮಾರಾಟಕ್ಕಲ್ಲ, ಕಲಿಸುವ ಮೇಡಂದು ಎಂದರು. ಮೂರನೇ ಇಂಜೆಕ್ಷನ್ನಿಗೆ ಮುಂಚೆ ಎರಡು ಶನಿವಾರವಿತ್ತು.

ಅಂಗಡಿಯ ಮಹಡಿಯ ಮೇಲೆ ಏಳೆಂಟು ಜನ. ಗಂಡಸು ನಾನೊಬ್ಬನೇ. ಮೇಡಂ ಬ್ಯಾಂಕಿನಲ್ಲಿದ್ದು ರಿಟೈರಾದವರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಕೇಳಿದಳು:

"ಅಂಕಲ್, ಮೊಮ್ಮಗೂಗಾ?"

"ಹೂಂ" ಎಂದೆ. ನಮಗೆ ಮೊಮ್ಮಕ್ಕಳಿಲ್ಲ.

ದಾರವನ್ನು ಬೆರಳಿಗೆ ಸುತ್ತಿ ಮೊದಲು ಒಂದು ಉಂಗುರ ಮಾಡಬೇಕು. ಕಡ್ಡಿಯ ಕೊಕ್ಕೆಯಲ್ಲಿ ದಾರ ಎಳೆದು ಮೂರು ಕೊಂಡಿ ಮೇಲೆ, ಎರಡು ಉದ್ದ ಹೊಲಿಗೆ, ಮೂರು ಕೊಂಡಿ ಕೆಳಗೆ. ಅದನ್ನು ಉಂಗುರಕ್ಕೆ ಸೇರಿಸಿದರೆ ಒಂದು ಎಸಳು. ಐದು ಎಸಳಾದರೆ ಉಂಗುರ ಎಳೆದು ಮುಚ್ಚುವುದು. ಲೆಕ್ಕ ನನಗೆ ಒಂದೇ ಸಲಕ್ಕೆ ಹತ್ತಿತು. ಕೈ ಮಾತ್ರ ಕೇಳಲಿಲ್ಲ. ಕಂಬಿಗೆ ತಂತಿ ಸುತ್ತುವುದೂ ಕೊಕ್ಕೆಯಲ್ಲೇ. ಹಾಕು, ತಿರುಚು, ಬಿಗಿ. ಇಲ್ಲೂ ಪ್ರತಿ ಕೊಂಡಿಗೆ ಮಣಿಕಟ್ಟು ತಾನಾಗಿ ತಿರುಗಿ ಬಿಗಿಯುತ್ತಿತ್ತು. ಮುಂದಿನ ಹೊಲಿಗೆಗೆ ಕಡ್ಡಿ ತೂರುತ್ತಲೇ ಇರಲಿಲ್ಲ.

ಮೇಡಂ ನನ್ನ ಹೂವನ್ನು ಹಿಸುಕಿ ನೋಡಿದರು. "ಇದಕ್ಕೆ ಉಸಿರೇ ಇಲ್ವಲ್ರೀ."

"ಸಡಿಲ ಬಿಟ್ರೆ ಬೀಳುತ್ತಲ್ಲ ಮೇಡಂ."

"ಬೀಳಲ್ಲ. ಇದು ಯಾವ ಭಾರಾನೂ ಹೊರಬೇಕಾಗಿಲ್ಲ."

"ಅಂಕಲ್, ದಾರ ಅಳ್ತಿದೆ" ಎಂದಳು ಹುಡುಗಿ. ಎಲ್ಲರೂ ನಕ್ಕರು. ಶಾಲೆಯಲ್ಲಾಗಿದ್ದರೆ ಎದ್ದು ಹೋಗುತ್ತಿದ್ದೆ. ಎದ್ದು ಹೋಗಿಯೇ ಶಾಲೆ ಬಿಟ್ಟವನು ನಾನು. ಈ ಸಲ ಕೂತೆ. ಆ ದಿನ ಆರು ಹೂವಾದವು, ಆರೂ ಕಲ್ಲಿನಂತೆ.

ಮುಂದಿನ ವಾರ ಊಟದ ಬಿಡುವಿನಲ್ಲಿ, ಕಂಬಿ ರಾಶಿಯ ಹಿಂದೆ ಯಾರಿಗೂ ಕಾಣದಂತೆ ಕೂತು ಕೈ ಸಡಿಲ ಮಾಡಿಕೊಂಡೆ. ಎರಡನೇ ಶನಿವಾರದ ಹೊತ್ತಿಗೆ ಇಪ್ಪತ್ತು ಹೂವು, ಒಂದಕ್ಕಿಂತ ಒಂದು ಚೆಂದ. ಮೇಡಂ ಮೆಚ್ಚಿಕೊಂಡು, "ಕೊನೇಲಿ ಉಳಿಯೋ ದಾರದ ಬಾಲ ಹೇಗೆ ಮುಗಿಸೋದು ಗೊತ್ತಲ್ಲ?" ಎಂದು ಕೇಳಿದರು. ಮೊದಲ ವಾರದ ನಗು ಇನ್ನೂ ಕಿವಿಯಲ್ಲಿತ್ತು. "ಗೊತ್ತು ಮೇಡಂ" ಎಂದುಬಿಟ್ಟೆ.

ಗೊತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಗಂಟಿನ ತುದಿ ಉದ್ದ ಬಿಡಬಾರದು. ಕಾಂಕ್ರೀಟಿನಿಂದ ಹೊರಗೆ ಇಣುಕಿದರೆ ತುಕ್ಕು ಹಿಡಿಯುತ್ತದೆ. ಅದೇ ಬುದ್ಧಿಯಲ್ಲಿ ಮೊದಲ ವಾರದ ಆರೂ ಸೇರಿ ಎಲ್ಲ ಹೂವಿನ ಬಾಲವನ್ನೂ ಬುಡಕ್ಕೆ ಕತ್ತರಿಸಿ, ಟಿಫನ್ ಬಾಕ್ಸಿಗೆ ತುಂಬಿ, ಗಾಡಿಯ ಡಿಕ್ಕಿಯಲ್ಲಿಟ್ಟು ಮನೆಗೆ ತಂದೆ.

ಭಾನುವಾರ ಮಧ್ಯಾಹ್ನ ಅವಳ ಮುಂದೆ ಬಾಕ್ಸು ಇಟ್ಟೆ. ಮಾರನೆಯ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಅವಳು ಮುಚ್ಚಳ ತೆಗೆದು ನೋಡಿದಳು.

"ಇದೇನ್ರೀ, ಶಾವಿಗೆ ತಂದ್ರಾ?"

ನಾನೂ ಬಗ್ಗಿ ನೋಡಿದೆ. ಹಿಡಿದಿಡಲು ಬಾಲವಿಲ್ಲದೆ, ದಾರಿಯ ಕುಲುಕಾಟಕ್ಕೆ ಹೂವೆಲ್ಲ ಬಿಚ್ಚಿ ಗೋಜಲಾಗಿದ್ದವು. ಕ್ಲಾಸು, ಹುಡುಗಿ, ಇಲ್ಲದ ಮೊಮ್ಮಗು, ಎಲ್ಲವನ್ನೂ ಹೇಳಬೇಕಾಯಿತು. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು, ಕೆಮ್ಮು ಬರುವವರೆಗೆ. ತಿಂಗಳಾಗಿತ್ತು ಆ ನಗು ಕೇಳಿ.

ಆಮೇಲೆ ಗೋಜಲೊಳಗೆ ಬೆರಳಾಡಿಸಿ ಒಂದೊಂದಾಗಿ ಹೆಕ್ಕಿದಳು. ಉಳಿದಿದ್ದವು ಆರು: ಮೊದಲ ವಾರದ ಕಲ್ಲುಗಳು. ಬಿಗಿದಿದ್ದರಿಂದ ಬಿಚ್ಚಿರಲಿಲ್ಲ.

"ಅವು ಕೆಟ್ಟವು, ಬಿಸಾಕು" ಎಂದೆ.

"ಸುಮ್ನಿರಿ. ಇವು ಮೊಗ್ಗು. ಅರಳಿದ್ದನ್ನ ಯಾರಾದ್ರೂ ಕಟ್ತಾರಾ?"

ಔಷಧಿಯಿಂದ ಅವಳ ಬೆರಳ ತುದಿ ಜೋಮು ಹಿಡಿದಿತ್ತು. ಆದರೂ ಹೂವು ಕಟ್ಟುವ ದಾರ ತೆಗೆದು, ಎದುರು ಬದುರು ಇಟ್ಟು, ಗಂಟು ಹಾಕಿದಳು. ಎರಡು ಸಲ ಜಾರಿತು. ನಾನು ಕೈ ಹಾಕಲು ಹೋದರೆ ತಳ್ಳಿದಳು. ಕಡೆಗೆ ಬೆರಳುದ್ದದ ಒಂದು ತುಂಡು ಆಯಿತು. ನಾಳೆ ಬರ್ತೀಯಾ ಎಂದು ನಾನು ಕೇಳಲಿಲ್ಲ. ಕೇಳಲು ಹೆದರಿಕೆ.

ಬೆಳಿಗ್ಗೆ ಎದ್ದಾಗ ಅವಳು ಸ್ನಾನ ಮುಗಿಸಿ, ಫೈಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಲೆಯ ಬಟ್ಟೆಗೆ, ಕಿವಿಯ ಹಿಂದೆ, ಆರು ಮೊಗ್ಗು ಪಿನ್ನಿನಲ್ಲಿ ನಿಂತಿದ್ದವು.

ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಹೂವು ಮಾರುವ ಹೆಂಗಸೊಬ್ಬಳು ನಮ್ಮ ಕಡೆ ಬಗ್ಗಿದಳು. "ಅಕ್ಕ, ಮಲ್ಲಿಗೆ..." ಎಂದವಳು ನನ್ನ ಹೆಂಡತಿಯ ತಲೆ ನೋಡಿ, "ಓ, ಮುಡ್ಕೊಂಡಿದೀರ" ಎಂದು ಹಿಂದಿನ ಆಟೋಗೆ ಹೋದಳು.

ಇವಳು ನೇರ ಕೂತಳು. ಸಿಗ್ನಲ್ ಬಿಟ್ಟು ಸುಮಾರು ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ ಹೇಳಿದಳು: "ಇದಾದ್ಮೇಲೆ ಇನ್ನೂ ಮೂರಿದೆಯಲ್ಲ. ಆರು ಮೊಗ್ಗು ಸಾಲಲ್ಲ. ಒಂದ್ ಮೊಳ ಆದ್ರೂ ಆಗ್ಬೇಕು."

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತು ಜೇಬಿನಿಂದ ಕಡ್ಡಿ, ದಾರ ತೆಗೆದೆ. ಪಕ್ಕದಲ್ಲಿದ್ದವರು ನನ್ನ ಕೈ ನೋಡುತ್ತಿದ್ದರು.

"ಏನ್ ಸಾರ್ ಅದು?"

"ಹೂವು. ನಮ್ಮ ಮನೆಯವರಿಗೆ" ಎಂದು ಹೇಳಿ, ಬಿಗಿಯಾಗಿ ಎಳೆದೆ.