ಪ್ರತಿ ಪುಟದಲ್ಲೂ ನಾಲ್ಕು ಡಿಗ್ರಿ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಕಾಮಸಮುದ್ರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ರಾಬರ್ಟ್‌ಸನ್‌ಪೇಟೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಒಂದು ಬೆಳಿಗ್ಗೆ ಕೂಲಿ ಮಾಡುವ ನಾಗವೇಣಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಬಂದಳು. ಕೆಮ್ಮಿ ಕೆಮ್ಮಿ ಮಗುವಿನ ಮುಖ ನೀಲಿಗಟ್ಟಿತ್ತು. ನಾಯಿಕೆಮ್ಮು.

"ಮೂರು ಸೂಜೀನೂ ಇಲ್ಲೇ ಆಕ್ಸಿದ್ನಲ್ಲ ಸಾರ್, ಮತ್ಯಾಕೆ ಬಂತು?"

ಮಗುವನ್ನು ಆಂಬುಲೆನ್ಸ್‌ನಲ್ಲಿ ಕೋಲಾರಕ್ಕೆ ಕಳಿಸಿ, ನೇರವಾಗಿ ಲಸಿಕೆ ಇಡುವ ಫ್ರಿಜ್ಜಿನ ಬಳಿಗೆ ಹೋದೆ. ಅದು ಎರಡರಿಂದ ಎಂಟು ಡಿಗ್ರಿಯೊಳಗಿರಬೇಕು; ದಿನಕ್ಕೆರಡು ಸಲ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ರಿಜಿಸ್ಟರಿನ ತುಂಬ ನಾಲ್ಕು, ನಾಲ್ಕು, ನಾಲ್ಕು. ಆದರೆ ಒಳಗಿನ ಥರ್ಮಾಮೀಟರ್ ಸೊನ್ನೆಗಿಂತ ಕೆಳಗೆ ತೋರಿಸುತ್ತಿತ್ತು. ನಾಯಿಕೆಮ್ಮಿನ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಸತ್ವ ಕಳೆದುಕೊಳ್ಳುತ್ತದೆ. ಚುಚ್ಚಿದರೂ ಮಗುವಿಗೆ ರಕ್ಷಣೆ ಸಿಗದು.

ನರ್ಸ್ ಗೌರಮ್ಮ ಅತ್ತುಬಿಟ್ಟರು. "ಕೆಟ್ಟೋಗಿ ಏಳೆಂಟು ತಿಂಗ್ಳಾಯ್ತು, ಎರಡು ಸಲ ತಾಲ್ಲೂಕು ಆಫೀಸಿನ ಮೇಲಿನವ್ರಿಗೆ ಏಳಿದೆ ಸಾರ್. ರಿಪೇರಿಯವ್ರು ಬರೋಗಂಟ ನಾಲ್ಕು ಅಂತ ಬರ್ಕೊಳಮ್ಮ ಅಂದ್ರು. ಕಾಂಟ್ರ್ಯಾಕ್ಟ್ ಕೆಲ್ಸ ನಂದು, ಏನಂತ ಎದ್ರು ಮಾತಾಡ್ಲಿ?"

ಪ್ರತಿ ಪುಟದ ಕೆಳಗೂ ನನ್ನ ಸಹಿಯಿತ್ತು. ಒಂದು ದಿನವೂ ಫ್ರಿಜ್ಜಿನ ಮುಚ್ಚಳ ತೆಗೆದು ನೋಡದೆ ಹಾಕಿದ್ದೆ.

ವಿಷಯ ತಿಳಿಸಿದಾಗ ತಾಲ್ಲೂಕಿನ ಮೇಲಧಿಕಾರಿ ಫೋನಿನಲ್ಲಿ ಮೆಲ್ಲಗೆ ಹೇಳಿದರು: "ಬಾಟಲಿ ಎಸೆದು ಹೊಸ ಸ್ಟಾಕ್ ತರಿಸ್ಕೊಳ್ಳಿ ಡಾಕ್ಟ್ರೇ. ಸುದ್ದಿಯಾದ್ರೆ ನಾಳೆ ಒಬ್ಬ ತಾಯೀನೂ ಮಗು ಕರ್ಕೊಂಡು ಬರಲ್ಲ."

ಆ ಭಯ ಸುಳ್ಳಾಗಿರಲಿಲ್ಲ. ಆದರೆ ಸರ್ಕಾರಿ ದಾಖಲೆಯಲ್ಲಿ ಗೊತ್ತಿದ್ದೂ ಸುಳ್ಳು ಬರೆಯುವುದು ಕಾನೂನಿನಲ್ಲಿ ಅಪರಾಧ. ಗೊತ್ತಾದ ಮೇಲೂ ಬಾಯಿಮುಚ್ಚಿಕೊಂಡರೆ ಆ ಸುಳ್ಳು ನನ್ನದೇ ಆಗುತ್ತಿತ್ತು. ಅಂದೇ ಲಿಖಿತ ವರದಿ ಕಳಿಸಿದೆ. ಮೊದಲ ಸಾಲಿನಲ್ಲೇ ನನ್ನ ಸಹಿಯ ವಿಷಯ ಬರೆದೆ. ಗೌರಮ್ಮ ಎರಡು ಸಲ ದೂರು ಹೇಳಿದ್ದನ್ನೂ ಸೇರಿಸಿದೆ.

ಆಮೇಲೆ ಗೌರಮ್ಮ ಮತ್ತು ನಾನು, ಆ ಲಸಿಕೆ ಹಾಕಿಸಿಕೊಂಡ ಮಕ್ಕಳ ಮನೆಮನೆಗೆ ಹೋದೆವು. ಮತ್ತೆ ಲಸಿಕೆ ಹಾಕಿಸಬೇಕೆಂದೆವು, ಏಕೆಂದೂ ಹೇಳಿದೆವು. ಕೆಲವರು ಬೈದರು. ಒಬ್ಬರು ಬಾಗಿಲು ಹಾಕಿಕೊಂಡರು. ಕೊನೆಗೆ ನಾಗವೇಣಿಯ ಮನೆ. ಮಗು ಚೇತರಿಸಿಕೊಂಡು ವಾಪಸ್ಸಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಅವಳು ಒಳಬಾಗಿಲ ಕಡೆ ತಿರುಗಿ ನೋಡಿದಳು.

"ನನ್ನ ಎದೆ ಆಲೇ ಸರಿಯಿಲ್ಲ, ಅದ್ಕೇ ಮಗೀಗೆ ಕಾಯ್ಲೆ ಬಂತು ಅಂತ ನಮ್ಮತ್ತೆ ದಿನಾ ಬೈತಾರೆ ಸಾರ್. ಒಳಗವ್ರೆ. ಇದ್ನೇ ಅವ್ರ ಮುಂದೇನೂ ಏಳಿ."

ಒಳಗೆ ಹೋಗಿ, ಆ ಮುದುಕಿಯ ಎದುರು ಕೂತು, ತಪ್ಪು ನಮ್ಮದು ಎಂದೆ.

ವಿಚಾರಣೆ ನಡೆದು ನನಗೆ ವಾಗ್ದಂಡನೆಯಾಯಿತು. ಗೌರಮ್ಮನ ಕೆಲಸ ಉಳಿಯಿತು. ಹೆಚ್ಚಿನ ತಾಯಂದಿರು ಮತ್ತೆ ಬಂದರು. ಕಚೇರಿ ಮುಚ್ಚಿಟ್ಟ ತಪ್ಪು ಹೊರಗೆ ಯಾವುದೋ ಮನೆಯಲ್ಲಿ, ಬಾಯಿಲ್ಲದ ಯಾರದೋ ತಲೆಯ ಮೇಲೆ ಬಿದ್ದಿರುತ್ತದೆ ಎಂಬುದನ್ನು ನಾನು ಮೂವತ್ತು ವರ್ಷದ ನೌಕರಿಯಲ್ಲಿ ಕಲಿತದ್ದು ಆ ದಿನ, ಆ ಮನೆಯಲ್ಲಿ.